ಶನಿವಾರದ ಶಾಲೆಯಲ್ಲಿ ಸಹಾಯಕನ ಕೆಲಸ



ಸ್ವದೇಶವನ್ನು ಬಿಟ್ಟು ದೂರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು, ವಾರದ ಐದು ದಿನಗಳನ್ನು ತಾವು ಉದ್ಯೋಗದಲ್ಲಿಯೂ ತಮ್ಮ ಮಕ್ಕಳು ಆಯಾ ದೇಶದ ಶಾಲೆಗಳಲ್ಲಿಯೂ ಕಳೆದ ಬಳಿಕ, ಆರನೆಯ ದಿನವೋ ಏಳನೆಯ ದಿನವೋ ಒಂದೆರಡು ಗಂಟೆ ಬಿಡುವು ಮಾಡಿಕೊಂಡು, ಗ್ರಂಥಾಲಯದ ಸಭಾಂಗಣದಲ್ಲಿಯೋ ದೇವಸ್ಥಾನದ ನೆಲಮಾಳಿಗೆಯಲ್ಲಿಯೋ ಮಕ್ಕಳನ್ನು ಕೂಡಿಸಿ ಕನ್ನಡ ಕಲಿಸುವ ಪರಿಪಾಠವೊಂದನ್ನು ಇರಿಸಿಕೊಂಡಿದ್ದಾರೆ. ಇಂಥ ಶಾಲೆಗಳು ಅಮೆರಿಕದಲ್ಲಿವೆ; ಇಂಗ್ಲೆಂಡಿನಲ್ಲಿವೆ; ದುಬೈ, ಸಿಂಗಪುರ, ಆಸ್ಟ್ರೇಲಿಯಗಳಲ್ಲಿಯೂ ಇವೆ. ಅವುಗಳ ಸಮಗ್ರ ವೃತ್ತಾಂತವನ್ನು ಹೇಳುವುದಕ್ಕೆ ಆಕಾಶವಾಣಿಯ ಈ ಹದಿನೈದು ನಿಮಿಷ ಸಾಲದು. ಅಲ್ಲಿ ಪಾಠ ಹೇಳುವ ಉಪಾಧ್ಯಾಯರ ವಿಚಾರವನ್ನೂ ಇಂದಿಗೆ ಬಿಟ್ಟುಬಿಡುತ್ತೇನೆ. ಉಪಾಧ್ಯಾಯರಿಂದ ಎರಡು ಮಾರು ಹಿಂದೆ, ಹಾಸಿದ ಜಮಖಾನದ ಮೇಲೆ, ಎಳೆಯ ಮಕ್ಕಳ ನಡುವೆ ಕುಳಿತಿರುವ ಸಹಾಯಕನೊಬ್ಬನು ಇರುತ್ತಾನಲ್ಲ, ಆತನ ಕೆಲಸವೇನು ಎಂಬುದಷ್ಟೇ ಈ ಹೊತ್ತಿನ ವಿಷಯ.

ಇದನ್ನು ಆಕಾಶವಾಣಿಯಲ್ಲಿ ಏಕೆ ಹೇಳಬೇಕೆಂದು ಕೇಳುವಿರೋ? ಕಾರಣವುಂಟು. ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳು ನಮ್ಮ ಊರುಗಳಲ್ಲಿ ಈಗ ಬೀದಿಗೆ ನಾಲ್ಕಾರು ಇವೆ. ಆ ಮನೆಗಳ ಹಿರಿಯರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಹೋಗಿ ಐದಾರು ತಿಂಗಳು ಇದ್ದು ಬರುತ್ತಾರೆ. ಹೋದ ಮೊದಲ ತಿಂಗಳು ಊರು ನೋಡುವುದರಲ್ಲಿ ಕಳೆಯುತ್ತದೆ. ಎರಡನೆಯ ತಿಂಗಳಿಗೆ ಬೇಸರ ಹಿಡಿಯುತ್ತದೆ. ಅಷ್ಟರಲ್ಲಿ ಯಾರಾದರೂ ಬಂದು, “ಶನಿವಾರ ನಮ್ಮ ಕನ್ನಡ ಶಾಲೆಗೆ ಬರ್ತೀರಾ ಸಾರ್? ಚಿಕ್ಕ ಮಕ್ಕಳ ಕ್ಲಾಸಿಗೆ ಜನ ಸಾಲೋದಿಲ್ಲ” ಎಂದು ಕರೆಯುತ್ತಾರೆ. ನನ್ನನ್ನೂ ಹಾಗೆಯೇ ಕರೆದರು. ಮಗಳ ಮನೆ ಇರುವುದು ಅಮೆರಿಕದ ನ್ಯೂಜೆರ್ಸಿ ಪ್ರಾಂತದಲ್ಲಿ. ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು, ಐದರಿಂದ ಏಳು ವರ್ಷದ ಮಕ್ಕಳ ತರಗತಿಯಲ್ಲಿ, ವಯಸ್ಸಿನಲ್ಲಿ ನನ್ನ ಮಗಳಿಗಿಂತಲೂ ಕಿರಿಯಳಾದ ಉಪಾಧ್ಯಾಯಿನಿಯೊಬ್ಬಳಿಗೆ ಸಹಾಯಕನಾಗಿ ನಿಂತೆ. ವಾರದ ದಿನಗಳಲ್ಲಿ ಆಕೆಗೆ ಕಂಪ್ಯೂಟರ್ ಉದ್ಯೋಗ. ಶನಿವಾರದ ಈ ಕೆಲಸಕ್ಕೆ ಸಂಬಳವಿಲ್ಲ. ಪಾಠದ ಕ್ರಮ ಆಕೆಗೆ ಗೊತ್ತಿತ್ತು; ನನಗೆ ಬಿಡುವಿತ್ತು.

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಅಮೆರಿಕದ ಶಾಲೆಗಳು ವರ್ಷಕ್ಕೆ ಸುಮಾರು 180 ದಿನ ನಡೆಯುತ್ತವೆ. ದಿನಕ್ಕೆ ಆರು ಗಂಟೆಯಂತೆ ಹಿಡಿದರೂ ಮಗು ವರ್ಷಕ್ಕೆ 1000 ಗಂಟೆಗೂ ಮಿಕ್ಕಿ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡ ಶಾಲೆಯಾದರೋ ಸೆಪ್ಟೆಂಬರಿನಲ್ಲಿ ಆರಂಭವಾಗಿ ಬೇಸಗೆಯ ರಜೆಗೆ ಮುಗಿಯುತ್ತದೆ. ನಡುವೆ ಹಬ್ಬಗಳನ್ನೂ ಹಿಮ ಬಿದ್ದು ದಾರಿ ಕಟ್ಟಿದ ದಿನಗಳನ್ನೂ ಕಳೆದರೆ ಉಳಿಯುವುದು ಸುಮಾರು 30 ವಾರ. ವಾರಕ್ಕೆ ಎರಡು ಗಂಟೆ. ಒಟ್ಟು 60 ಗಂಟೆ. ಸಾವಿರಕ್ಕೆದುರಾಗಿ ಅರವತ್ತು.

ಈ ಅರವತ್ತು ಗಂಟೆಯಲ್ಲಿ ಭಾಷೆ ಬಂದೀತೆಂದು ತಿಳಿದ ಪೋಷಕರು ಬಹು ಬೇಗ ನಿರಾಶರಾಗುತ್ತಾರೆ. ನ್ಯೂಯಾರ್ಕಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೋಷುವಾ ಫಿಶ್‌ಮನ್ ಎಂಬ ವಿದ್ವಾಂಸರು, ವಲಸೆ ಹೋದವರ ಭಾಷೆಗಳ ಗತಿಯನ್ನು ಜೀವಮಾನವೆಲ್ಲ ಅಧ್ಯಯನ ಮಾಡಿದವರು. 1991ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಮುಖ್ಯ ಪ್ರತಿಪಾದನೆಯೇ, ಮನೆಯಲ್ಲಿ ಮತ್ತು ನೆರೆಹೊರೆಯಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟದ ಭಾಷೆಯನ್ನು ಶಾಲೆಯೊಂದೇ ಉಳಿಸಲಾರದು ಎಂಬುದು. ಎರಡು ಗಂಟೆಯೆಂಬುದು ಹೆಪ್ಪಿಗೆ ಸಾಕು. ಹಾಲು ಮನೆಯಿಂದಲೇ ಬರತಕ್ಕದ್ದು.

ಆದರೂ ಬಿಡುವಿನ ಹೊತ್ತಿನ ಶಾಲೆಗಳನ್ನು ಅಲಕ್ಷಿಸುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ವೇಲ್ಸ್ ದೇಶದಲ್ಲಿ ವಾರದ ಶಾಲೆ ಇಂಗ್ಲಿಷಿನದಾಗಿದ್ದಾಗ, ಜನಸಾಮಾನ್ಯರಿಗೆ ವೆಲ್ಷ್ ಓದನ್ನು ಕಲಿಸಿದ್ದು ಬಹುಮಟ್ಟಿಗೆ ಭಾನುವಾರದ ಶಾಲೆಗಳು. ನಮ್ಮವರಲ್ಲಿಯೇ ನೋಡಿರಿ. ಮುಂಬಯಿಯಲ್ಲಿ ಮೊಗವೀರ ಸಮಾಜದವರು 1908ರಷ್ಟು ಹಿಂದೆಯೇ ರಾತ್ರಿಶಾಲೆಯನ್ನು ತೆರೆದರು. ಹಗಲೆಲ್ಲ ದುಡಿದ ಕರಾವಳಿಯ ಹುಡುಗರು ರಾತ್ರಿ ಅಂಥ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಮುಂದೆ ಬಂದರು. ಅವರು ಕನ್ನಡ ಮಾತನ್ನು ಹೊತ್ತುಕೊಂಡೇ ಹೋಗಿದ್ದವರು. ಶಾಲೆ ಅವರಿಗೆ ಅಕ್ಷರವನ್ನು ಕೊಟ್ಟರೆ ಸಾಕಾಗಿತ್ತು. ನ್ಯೂಜೆರ್ಸಿಯ ಮಗುವಿನ ಸ್ಥಿತಿ ಹಾಗಿಲ್ಲ.

ಆ ಮಗುವಿನ ಸ್ಥಿತಿ ಏನೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಆ ಮಕ್ಕಳಲ್ಲಿ ಬಹುಪಾಲಿಗೆ ಕನ್ನಡ ತಿಳಿಯುತ್ತದೆ. “ಬಾ” ಎಂದರೆ ಬರುತ್ತವೆ, “ಕೈ ತೊಳ್ಕೋ” ಎಂದರೆ ತೊಳೆದುಕೊಳ್ಳುತ್ತವೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇದನ್ನು ಕಂಡು ತಂದೆತಾಯಿಗಳು ಹಟವೆನ್ನುತ್ತಾರೆ, ಸೋಮಾರಿತನವೆನ್ನುತ್ತಾರೆ. ಆದರೆ ಮನೆಯಲ್ಲಿ ಆ ಮಗುವಿನ ಕಿವಿಗೆ ಬೀಳುವ ಕನ್ನಡ ಯಾವುದು? ಎದ್ದೇಳು, ಹಲ್ಲುಜ್ಜು, ಬೇಗ ತಿನ್ನು, ಶೂ ಹಾಕ್ಕೋ, ಟಿವಿ ಆರಿಸು, ಮಲಗು. ತಂದೆತಾಯಿಗಳಿಬ್ಬರೂ ದುಡಿಯುವ ಮನೆಯಲ್ಲಿ ಬೆಳಗಿನ ಆತುರಕ್ಕೂ ರಾತ್ರಿಯ ಆಯಾಸಕ್ಕೂ ನಡುವೆ ಕನ್ನಡಕ್ಕೆ ಉಳಿದಿರುವುದು ಆಜ್ಞೆ ಮಾಡುವ ಕೆಲಸವೊಂದೇ. ಕತೆ, ಹರಟೆ, ಜಗಳ, ಹೊಗಳಿಕೆ ಇವೆಲ್ಲ ಇಂಗ್ಲಿಷಿಗೆ ವರ್ಗವಾಗಿವೆ. ಆಜ್ಞೆಗೆ ಮಗು ಕೊಡಬೇಕಾದ ಉತ್ತರವೆಷ್ಟು? “ಹೂಂ.” “ಬೇಡ.” ಮುಗಿಯಿತು. ‘ನಾನು’ ಎಂದು ಆರಂಭವಾಗುವ ಒಂದು ಪೂರ್ಣ ವಾಕ್ಯವನ್ನು ಕನ್ನಡದಲ್ಲಿ ಹೇಳುವ ಸಂದರ್ಭವೇ ಅದಕ್ಕೆ ಒದಗಿಲ್ಲ.

ಇದರ ಇನ್ನೊಂದು ಗುರುತನ್ನು ಹೇಳುತ್ತೇನೆ. ಆ ಮಕ್ಕಳು ನನ್ನನ್ನು ‘ತಾತ’ ಎಂದು ಅಕ್ಕರೆಯಿಂದ ಕರೆದು, ಮರುಕ್ಷಣವೇ “ತಾತ, ನೀನು ಇಲ್ಲಿ ಕೂತ್ಕೋ” ಎನ್ನುತ್ತಿದ್ದವು. ಬಂದ ಪೋಷಕರು ನಾಚಿ ಗದರಿಸುತ್ತಿದ್ದರು. ಅದರಲ್ಲಿ ಅವಿನಯವೇನೂ ಇಲ್ಲ, ಸ್ವಾಮಿ. ಮಗುವನ್ನು ಯಾರೂ ‘ನೀವು’ ಎಂದು ಕರೆಯುವುದಿಲ್ಲ. ತನಗೆ ಹೇಳಿದ್ದನ್ನು ಅದು ಹಾಗೆಯೇ ತಿರುಗಿ ಹೇಳುತ್ತದೆ. ದೊಡ್ಡವರು ದೊಡ್ಡವರೊಡನೆ ಕನ್ನಡದಲ್ಲಿ ಮಾತನಾಡುವುದನ್ನು ದಿನವೂ ಕೇಳುವ ಮಗು ‘ನೀವು’ ಎಂಬುದನ್ನು ತಾನಾಗಿ ಹಿಡಿಯುತ್ತದೆ. ಅಲ್ಲಿ ಅಂಥ ಮಾತುಕತೆ ಕೇಳಿಬರುವುದು ಅಜ್ಜಿ-ತಾತಂದಿರೊಡನೆ ದೂರವಾಣಿಯಲ್ಲಿ ಮಾತನಾಡುವ ಹತ್ತು ನಿಮಿಷ ಮಾತ್ರ. ಆಗ ಮಗು ಆಟಕ್ಕೆ ಓಡಿಹೋಗಿರುತ್ತದೆ.

ಇಷ್ಟು ಹೇಳಿದ್ದಾಯಿತು: ಶಾಲೆಗಿರುವ ಕಾಲ ಅತ್ಯಲ್ಪ, ಮಗು ಕೇಳಿರುವ ಕನ್ನಡ ಬಹುಪಾಲು ಆಜ್ಞಾರೂಪದ್ದು. ಹೀಗಿರುವಲ್ಲಿ ಸಹಾಯಕನಿಂದ ಆಗುವ ಪ್ರಯೋಜನವೇನು?

ಒಬ್ಬರೇ ಉಪಾಧ್ಯಾಯರಿದ್ದಲ್ಲಿ, ಅವರು ಎಷ್ಟೇ ಸಮರ್ಥರಾಗಿರಲಿ, ಹದಿನೈದು ಎಳೆಯ ಮಕ್ಕಳನ್ನು ಹಿಡಿದಿರಿಸುವ ಗಡಿಬಿಡಿಯಲ್ಲಿ ಅವರ ಬಾಯಿಂದಲೂ ಬರುವುದು ಅಪ್ಪಣೆಗಳೇ: ಕುಳಿತುಕೊಳ್ಳಿ, ಪುಸ್ತಕ ತೆಗೆಯಿರಿ, ಬರೆಯಿರಿ, ಸದ್ದು ಮಾಡಬೇಡಿ. ದೊಡ್ಡವರು ಇಬ್ಬರಿದ್ದರೆ ಸಂಭಾಷಣೆ ಸಾಧ್ಯವಾಗುತ್ತದೆ. ಆದಕಾರಣ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಏನು ಬೇಕಾದರೂ ಮಕ್ಕಳ ಕಿವಿಗೆ ಬೀಳುವಂತೆ ಒಬ್ಬರನ್ನೊಬ್ಬರು ಕೇಳುವುದು. “ಆ ಕತ್ತರಿ ಕೊಡ್ತೀರಾ ಸಾರ್?” “ಕೊಡ್ತೀನಿ, ತಗೊಳ್ಳಿ. ಅಂಟು ಎಲ್ಲಿಟ್ರಿ?” “ಕಿಟಕಿ ಹತ್ತಿರ ಇಟ್ಟಿದ್ದೆ, ಈಗ ಕಾಣ್ತಾ ಇಲ್ಲವಲ್ಲ!” ಇದು ನಾಟಕವೇ ಸರಿ, ಅಂಟು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಮಕ್ಕಳಿಗೂ ಗೊತ್ತಿರುತ್ತಿತ್ತು. ದೊಡ್ಡವರಿಗೆ ಕಾಣದ ವಸ್ತು ತಮಗೆ ಕಂಡಿದೆಯೆಂಬ ಹೆಮ್ಮೆಯಲ್ಲಿ “ಅಲ್ಲಿ! ಕುರ್ಚಿ ಕೆಳಗೆ!” ಎಂದು ಎರಡು ಮೂರು ಮಕ್ಕಳು ಒಟ್ಟಿಗೆ ಕೂಗುತ್ತಿದ್ದವು. ‘ಕೆಳಗೆ, ಮೇಲೆ, ಒಳಗೆ, ಹಿಂದೆ’ ಎಂಬಿಷ್ಟನ್ನು ಕಪ್ಪುಹಲಗೆಯಿಲ್ಲದೆ ಕಲಿಸಿದಂತಾಯಿತು.

ಸಂಭಾಷಣೆಗೆ ಇದಕ್ಕಿಂತಲೂ ಅನುಕೂಲವಾದ ಹೊತ್ತೊಂದಿದೆ. ಅದು ತಿಂಡಿಯ ಬಿಡುವು. ಎರಡು ಗಂಟೆಯ ನಡುವೆ ಹತ್ತು ನಿಮಿಷ. ಸರದಿಯಂತೆ ಒಬ್ಬರ ಮನೆಯಿಂದ ಕೋಡುಬಳೆಯೋ ಬಿಸ್ಕತ್ತೋ ಕಿತ್ತಳೆಹಣ್ಣೋ ಬರುತ್ತದೆ. ಉಪಾಧ್ಯಾಯಿನಿ ಆ ಹೊತ್ತಿನಲ್ಲಿ ಮುಂದಿನ ಪಾಠಕ್ಕೆ ಅಣಿಯಾಗುವುದರಿಂದ ಹಂಚುವ ಕೆಲಸ ಸಹಾಯಕನದು. ಈ ಹಂಚಿಕೆಯನ್ನು ಕ್ರಮವಾಗಿ, ಸಮನಾಗಿ, ಮೌನವಾಗಿ ಮಾಡಿ ಮುಗಿಸುವವರು ಸದ್ಗೃಹಸ್ಥರಿರಬಹುದು, ಭಾಷೆ ಕಲಿಸುವವರಾಗಲಾರರು. ನಾನು ಒಬ್ಬನಿಗೆ ಎರಡು ಕೋಡುಬಳೆ ಕೊಟ್ಟು ಪಕ್ಕದವನಿಗೆ ಒಂದನ್ನು ಕೊಟ್ಟು ಸುಮ್ಮನೆ ಮುಂದಕ್ಕೆ ಹೋಗುತ್ತಿದ್ದೆ. ಮರುಕ್ಷಣವೇ ಹಿಂದಿನಿಂದ ದೂರು ಬರುತ್ತಿತ್ತು. ಮೊದಮೊದಲು ಇಂಗ್ಲಿಷಿನಲ್ಲಿ. ನಾನು ಕಿವಿ ಮಂದವಾದವನಂತೆ, “ಏನಪ್ಪಾ? ಯಾರಿಗೆ ಎಷ್ಟು ಸಿಕ್ತು?” ಎಂದು ಕೇಳುತ್ತಿದ್ದೆ. “ಅವನಿಗೆ ಎರಡು. ನನಗೆ ಒಂದೇ!”

ಶ್ರೋತೃಗಳೇ, ಈ ವಾಕ್ಯವನ್ನು ಸ್ವಲ್ಪ ಗಮನಿಸಿರಿ. ಇದರಲ್ಲಿ ಚತುರ್ಥೀ ವಿಭಕ್ತಿ ಎರಡು ಸಲ ಬಂದಿದೆ, ಸಂಖ್ಯೆ ಬಂದಿದೆ, ನಮ್ಮ ಭಾಷೆಯ ಪ್ರಾಣದಂತಿರುವ ಆ ಕೊನೆಯ ‘ಏ’ಕಾರವೂ ತಪ್ಪದೆ ಬಂದಿದೆ. ವ್ಯಾಕರಣದ ಪುಸ್ತಕದಿಂದ ಇದನ್ನು ಕಲಿಸಹೊರಟರೆ ಒಂದು ತಿಂಗಳಾದರೂ ಬೇಕು. ಅನ್ಯಾಯವಾಯಿತೆಂಬ ಭಾವನೆ ಇದನ್ನು ಒಂದು ಶನಿವಾರದಲ್ಲಿ ಕಲಿಸಿತು. ಎಳೆಯ ಮಕ್ಕಳಲ್ಲಿ ಮಾತಿನ ಮೂಲ ಜ್ಞಾನದಾಹವೆಂದು ದೊಡ್ಡವರು ಬರೆದಿದ್ದಾರು. ನಾನು ಕಂಡಮಟ್ಟಿಗೆ ಅದು ದೂರು ಹೇಳುವ ಆತುರ. ಆ ಆತುರಕ್ಕೆ ಕನ್ನಡದ ದಾರಿಯೊಂದನ್ನು ತೆರೆದಿಟ್ಟು, ದೂರು ಕನ್ನಡದಲ್ಲಿ ಬಂದೊಡನೆ ನ್ಯಾಯವನ್ನು ತಡಮಾಡದೆ ಸಲ್ಲಿಸಬೇಕು. ಎರಡನೆಯ ಕೋಡುಬಳೆ ಕೈಗೆ ಬರದಿದ್ದರೆ ಮುಂದಿನ ವಾರ ಕನ್ನಡ ಬರುವುದಿಲ್ಲ.

ಬಹಳ ದಿನ ಬಾಯಿ ಬಿಡದಿದ್ದ ಹುಡುಗಿಯೊಬ್ಬಳಿದ್ದಳು. ಕರೆದರೆ ಹತ್ತಿರ ಬರುವಳು, ಚಿತ್ರಕ್ಕೆ ಬಣ್ಣ ತುಂಬುವಳು, ಮಾತಿಲ್ಲ. ಇಂಥ ಮಗುವಿನ ಮುಂದೆ ಸಹಾಯಕನು ಮಾಡತಕ್ಕದ್ದು ಕಾಯುವುದೊಂದನ್ನೇ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸಬೇಕು. ಉಪಾಧ್ಯಾಯರಿಗೆ ಆ ವ್ಯವಧಾನವಿರುವುದಿಲ್ಲ. ಹಿಮ ಬಿದ್ದ ಒಂದು ಬೆಳಿಗ್ಗೆ, ಬಾಗಿಲ ಬಳಿ, ಒದ್ದೆಯಾದ ಬೂಟಿನ ಜಿಪ್ಪು ಸಿಕ್ಕಿಕೊಂಡು ಆಕೆ ಒದ್ದಾಡುತ್ತಿದ್ದಳು. ನಾನು ಪಕ್ಕದಲ್ಲಿ ಮಂಡಿಯೂರಿದೆ, ಕೈ ಹಾಕಲಿಲ್ಲ. ಆಕೆ ಬೂಟನ್ನು ನೋಡಿದಳು, ನನ್ನನ್ನು ನೋಡಿದಳು. “ತಾತ, ಇದು ಬರಲ್ಲ ಅಂತಿದೆ” ಎಂದಳು. ಬೂಟಿಗೆ ಹಟವನ್ನು ಆರೋಪಿಸುವ ಈ ಮಾತು ಯಾವ ಪಾಠದಲ್ಲಿಯೂ ಇಲ್ಲ. ಮನೆಯಲ್ಲಿ ಅಮ್ಮನ ಬಾಯಿಂದ ಎಂದೋ ಡಬ್ಬಿಯ ಮುಚ್ಚಳದ ವಿಷಯವಾಗಿ ಬಂದದ್ದಿರಬೇಕು. ಕಿವಿಯಲ್ಲಿ ಉಳಿದುಕೊಂಡಿದ್ದು ಅಗತ್ಯ ಬಿದ್ದಾಗ ನಾಲಗೆಗೆ ಬಂದಿತು. “ಹೌದಾ, ಬರಲ್ಲ ಅಂತಿದೆಯಾ? ಕೇಳೋಣ ತಾಳು, ಯಾಕಂತೆ” ಎಂದು ನಾನೂ ಬೂಟಿನೊಡನೆ ವಿಚಾರಣೆಗಿಳಿದೆ. ಚಪ್ಪಾಳೆ ತಟ್ಟಲಿಲ್ಲ, ತಾಯಿಯನ್ನು ಕೂಗಿ ಕರೆಯಲಿಲ್ಲ. ಮಗು ಮಾತನಾಡಿದಾಗ ಅದಕ್ಕೆ ಉತ್ತರ ಕೊಡಬೇಕೇ ಹೊರತು ಬಹುಮಾನ ಕೊಡಬಾರದು.

ಮಾತಿನ ವಿಚಾರ ಇಲ್ಲಿಗೆ ಬಂದು ನಿಂತಿತು. ಮಾತಿನ ಬೆನ್ನಿಗೆ ಉಚ್ಚಾರಣೆಯುಂಟು. ಇಂಗ್ಲಿಷಿನಲ್ಲಿ ಬೆಳೆದ ಕಿವಿಗೆ ಲಕಾರ ಳಕಾರಗಳ ಭೇದ ಸುಲಭವಾಗಿ ದಕ್ಕುವುದಿಲ್ಲ. ಹಾಗಾಗಿ ಮಗು ಅನ್ನಕ್ಕೆ ‘ಹುಲಿ’ ಕಲಸಿಕೊಂಡು ತಿಂದೆನೆಂದು ಹೇಳುತ್ತದೆ, ಕೈಗೆ ‘ಬಲೆ’ ತೊಟ್ಟಿದ್ದೇನೆಂದು ತೋರಿಸುತ್ತದೆ. ನಗಬೇಡಿರಿ, ನಕ್ಕರೆ ಆ ಶಬ್ದ ಮತ್ತೆ ಬರುವುದಿಲ್ಲ. “ಓ, ಹುಳಿ ತಿಂದೆಯಾ? ನಮ್ಮನೇಲೂ ಇವತ್ತು ಹುಳಿ” ಎಂದು ಸರಿಯಾದ ಶಬ್ದವನ್ನು ನಿಮ್ಮ ಉತ್ತರದಲ್ಲಿ ಎರಡು ಸಲ ಕೇಳಿಸಿ ಮುಂದಕ್ಕೆ ನಡೆಯಿರಿ. ಹಾಡುಗಳಿಂದ ಇದಕ್ಕೆ ಬಹಳ ಸಹಾಯ. ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆದ ಪದ್ಯಗಳಲ್ಲಿ ಹ್ರಸ್ವ ದೀರ್ಘಗಳನ್ನು ತಾಳವೇ ಹಿಡಿದು ನಡೆಸುವುದರಿಂದ, ಎಳೆಯಬೇಕಾದ ಸ್ವರವನ್ನು ಮಗು ತಾನಾಗಿ ಎಳೆಯುತ್ತದೆ.

ಇನ್ನು ಅಕ್ಷರ. ಪೋಷಕರಿಗೆ ಎಲ್ಲಕ್ಕಿಂತ ಹೆಚ್ಚಿನ ಆತಂಕ ಇದರಲ್ಲಿಯೇ. ವರ್ಣಮಾಲೆಯ 49 ಅಕ್ಷರಗಳು ಕ್ರಿಸ್ಮಸ್ ರಜೆಯೊಳಗೆ ಮುಗಿಯಬೇಕೆಂದು ಅವರ ಅಪೇಕ್ಷೆ. ವರ್ಣಮಾಲೆಯ ಕ್ರಮ ಶಾಸ್ತ್ರೀಯವಾದದ್ದು, ಸುಂದರವಾದದ್ದು, ನಿಸ್ಸಂದೇಹ. ಆದರೆ ಅ ಆ ಇ ಈ ಎಂದು ಸ್ವರಗಳನ್ನೆಲ್ಲ ಮುಗಿಸಿದರೂ ಮಗುವಿಗೆ ಓದಲು ಅವುಗಳಿಂದ ಪದಗಳು ಹುಟ್ಟುವುದಿಲ್ಲ. ನಮ್ಮ ನಾಡಿನಲ್ಲಿಯೇ ಇದಕ್ಕೆ ಬೇರೊಂದು ಮಾರ್ಗವನ್ನು ಕಂಡುಕೊಂಡಿದ್ದಾರೆ. 1990ರ ದಶಕದ ಮಧ್ಯಭಾಗದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು ಆರಂಭಿಸಿದ ನಲಿ-ಕಲಿ ಎಂಬ ಪದ್ಧತಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅದರಲ್ಲಿ ಮೊದಲು ಕಲಿಸುವ ಅಕ್ಷರಗಳು ಐದು: ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ ಆಗುತ್ತದೆ, ರಸ ಆಗುತ್ತದೆ. ಅರಸ, ಅಗಸ, ದಸರ, ಗರಗಸ ಎಲ್ಲವೂ ಆಗುತ್ತವೆ. ಕಾಗುಣಿತವಿಲ್ಲ, ಒತ್ತಕ್ಷರವಿಲ್ಲ. ಮೂರನೆಯ ವಾರಕ್ಕೆ ಮಗು ಮನೆಗೆ ಹೋಗಿ ‘ಗರಗಸ’ ಎಂದು ಓದಿತೆಂದರೆ ಆ ಮನೆಯ ಸಂಭ್ರಮವನ್ನು ಊಹಿಸಿಕೊಳ್ಳಿರಿ. ನ್ಯೂಜೆರ್ಸಿಯ ನಮ್ಮ ಉಪಾಧ್ಯಾಯಿನಿ ಈ ಕ್ರಮವನ್ನೇ ಹಿಡಿದಿದ್ದಳು. ಸ್ವಂತ ಅಭಿಪ್ರಾಯ ಹೇಳುವುದಾದರೆ, ಹಳೆಯ ಪದ್ಧತಿಯಲ್ಲಿ ಕಲಿತ ನನಗೆ ಇದೇ ಮೇಲೆಂದು ತೋರಿತು.

ಅಕ್ಷರ ತಿದ್ದುವ ಹೊತ್ತಿನಲ್ಲಿ ಸಹಾಯಕನಿಗೆ ಕೈತುಂಬ ಕೆಲಸ. ನಮ್ಮ ಲಿಪಿ ದುಂಡು. ಇಂಗ್ಲಿಷಿನ ನೆಟ್ಟಗಿನ ಗೀಟುಗಳಿಗೆ ಪಳಗಿದ ಬೆರಳು ಇಲ್ಲಿ ತಡವರಿಸುತ್ತದೆ. ಪೆನ್ಸಿಲಿಗೆ ಮುಂಚೆ ನಾವು ಚಪಾತಿಯ ಹಿಟ್ಟನ್ನು ತರಿಸುತ್ತಿದ್ದೆವು. ಹಿಟ್ಟನ್ನು ಅಂಗೈಯಲ್ಲಿ ಹೊಸೆದು ಹುರಿ ಮಾಡಿ, ಒಂದು ದುಂಡು ಸುತ್ತಿ, ಅದರ ನೆತ್ತಿಯ ಮೇಲೆ ತಲೆಕಟ್ಟನ್ನು ಕೂರಿಸಿದರೆ ರ. ಕೆಳಗೆ ತೆರೆದ ಕಮಾನೊಂದನ್ನು ನಿಲ್ಲಿಸಿ ತಲೆಕಟ್ಟು ಕೊಟ್ಟರೆ ಗ. ಉಂಡೆ ಹಿಟ್ಟು ಒಣಗದಂತೆ ಒದ್ದೆಬಟ್ಟೆ ಮುಚ್ಚುವುದು, ಬಾಯಿಗೆ ಹೋಗದಂತೆ ಕಾಯುವುದು, ಗ್ರಂಥಾಲಯದ ನೆಲಹಾಸಿಗೆ ಅಂಟಿದ್ದನ್ನು ಹನ್ನೆರಡು ಗಂಟೆಯೊಳಗೆ ಕೆರೆದು ತೆಗೆಯುವುದು, ಇವು ಸಹಾಯಕನ ಕರ್ತವ್ಯಗಳಲ್ಲಿ ಸೇರಿದವು. ಹನ್ನೆರಡಕ್ಕೆ ಆ ಕೋಣೆ ಇನ್ನಾರದೋ ಯೋಗಾಸನದ ತರಗತಿಗೆ ಹೋಗುತ್ತಿತ್ತು.

ಮಾತು, ಉಚ್ಚಾರಣೆ, ಅಕ್ಷರ, ಮೂರನ್ನೂ ನೋಡಿದೆವು. ಉಳಿದಿರುವುದು ಒಂದು ಎಚ್ಚರಿಕೆ. ಆ ತರಗತಿಯಲ್ಲಿ ಒಂದು ಮನೆ ಧಾರವಾಡದ್ದು, ಒಂದು ಮಂಗಳೂರಿನದು, ಒಂದು ಮೈಸೂರಿನದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರೂ ಉಂಟು. ಒಂದು ಮಗು ‘ಬರ್ತೀನಿ’ ಎಂದರೆ ಮತ್ತೊಂದು ‘ಬರ್ತೇನೆ’ ಎನ್ನುತ್ತದೆ. ಪಠ್ಯಪುಸ್ತಕದ ಕನ್ನಡವನ್ನು ಕೈಯಲ್ಲಿ ಹಿಡಿದು ಇವನ್ನೆಲ್ಲ ತಿದ್ದಹೊರಡುವ ಉತ್ಸಾಹಿಗಳನ್ನು ನಾನು ಕಂಡಿದ್ದೇನೆ. ಅದಕ್ಕಿಂತ ದೊಡ್ಡ ಅಪಚಾರ ಇನ್ನೊಂದಿಲ್ಲ. ಮಗು ಬಾಯಿಬಿಟ್ಟು ಆಡಿದ ಆ ನಾಲ್ಕು ಮಾತು ಅದರ ಅಜ್ಜಿಯದು. ಅದನ್ನು ತಪ್ಪೆಂದರೆ ಅಜ್ಜಿಯೇ ತಪ್ಪಾದಂತೆ. “ನಿಮ್ಮನೇಲಿ ಹಾಗಂತಾರಾ? ನಮ್ಮ ಕಡೆ ಹೀಗಂತೀವಿ” ಎಂದರೆ ಸಾಕು. ಹುಬ್ಬಳ್ಳಿಯ ಕಡೆಯ ಹುಡುಗನೊಬ್ಬನು ‘ರೀ’ ಹಚ್ಚಿ ಮಾತನಾಡುವುದನ್ನು ಕೇಳಿ ಇಡೀ ತರಗತಿ ಅದನ್ನು ಕಲಿತಿತು. ‘ನೀವು’ ಎಂಬುದನ್ನು ಕಲಿಸಲು ನಾವು ಪಟ್ಟ ಪಾಡೆಲ್ಲ ಅವನೊಬ್ಬನಿಂದ ಅರ್ಧಕ್ಕೆ ಇಳಿಯಿತು.

ಹಿರಿಯರ ಮಾತೇ ಮಕ್ಕಳಿಗೆ ಪಾಠವಾಗಬಲ್ಲದೆಂಬುದಕ್ಕೆ ನಿದರ್ಶನವೊಂದುಂಟು. ನ್ಯೂಜಿಲೆಂಡಿನ ಮಾವೊರಿ ಜನರು, ತಮ್ಮ ಭಾಷೆಯನ್ನು ಆಡುವ ಮಕ್ಕಳೇ ವಿರಳವಾಗುತ್ತ ಬಂದಾಗ, 1982ರಲ್ಲಿ ‘ಕೊಹಂಗಾ ರೆಯೊ’ ಎಂಬ ಶಿಶುಶಾಲೆಗಳನ್ನು ತೆರೆದರು. ತರಬೇತಿ ಪಡೆದ ಶಿಕ್ಷಕರಿಗಾಗಿ ಕಾಯದೆ, ಭಾಷೆ ಬಲ್ಲ ಅಜ್ಜಿಯರನ್ನೂ ಅಜ್ಜಂದಿರನ್ನೂ ಕೂಸುಗಳ ನಡುವೆ ತಂದು ಕೂರಿಸಿದರು. ಅವರ ಶಾಲೆ ವಾರವೆಲ್ಲ ನಡೆಯುವುದು, ನಮ್ಮದು ಎರಡು ಗಂಟೆ. ಆದರೂ ಹಿರಿಯರು ಮಾಡತಕ್ಕ ಕೆಲಸ ಎರಡು ಕಡೆಯೂ ಒಂದೇ.

ಆದ್ದರಿಂದ, ಬರುವ ವರ್ಷ ಮಕ್ಕಳ ಮನೆಗೆ ಹೊರಡಲಿರುವ ಶ್ರೋತೃಗಳಲ್ಲಿ ನನ್ನದೊಂದು ವಿಜ್ಞಾಪನೆ. ಅಮೆರಿಕದಲ್ಲಿ ಈ ಶಾಲೆಗಳು ತೆರೆಯುವುದು ಸೆಪ್ಟೆಂಬರಿನಲ್ಲಿ. ಸಾಧ್ಯವಾದರೆ ಪ್ರಯಾಣವನ್ನು ಅದಕ್ಕೆ ಹೊಂದಿಸಿಕೊಳ್ಳಿರಿ. ಪೆಟ್ಟಿಗೆಯಲ್ಲಿ ಚಟ್ನಿಪುಡಿಗೆ ಮೀಸಲಾದ ಜಾಗದಲ್ಲಿ ಒಂದಿಷ್ಟನ್ನು ಬಿಡಿಸಿ, ಅಕ್ಷರ ದೊಡ್ಡದಾಗಿರುವ, ಪುಟಕ್ಕೆ ಎರಡು ಸಾಲು ಮೀರದ ಚಿತ್ರದ ಪುಸ್ತಕಗಳನ್ನು ಇಟ್ಟುಕೊಳ್ಳಿರಿ. ಅಲ್ಲಿ ಅವು ಸುಲಭವಾಗಿ ಸಿಕ್ಕುವುದಿಲ್ಲ. ನೀವು ಎಳೆತನದಲ್ಲಿ ಆಡಿದ ಆಟಗಳಲ್ಲಿ ಕುಳಿತು ಆಡುವಂಥವನ್ನು ಮೂರು ನಾಲ್ಕು ನೆನಪು ಮಾಡಿಕೊಂಡು ಹೋಗಿರಿ. ಚೌಕಾಬಾರ ಉತ್ತಮ, ಮನೆಯನ್ನು ಸೀಮೆಸುಣ್ಣದಲ್ಲಿ ಬರೆಯಬಹುದು, ಹುಣಿಸೆಬೀಜ ಬೇಕಾದರೆ ಅಲ್ಲಿಯ ನಮ್ಮವರ ಅಂಗಡಿಯ ಹುಣಿಸೆಹಣ್ಣಿನಲ್ಲಿ ಒಂದೆರಡಾದರೂ ಸಿಕ್ಕುತ್ತವೆ. ಲಗೋರಿಯನ್ನು ಮಾತ್ರ ಗ್ರಂಥಾಲಯದವರು ಒಪ್ಪುವುದಿಲ್ಲ.